ಜೋಳ ಇದೆ, ದಾರಿ ಇಲ್ಲ

ಕೇಳುಗರಿಗೆ ನಮಸ್ಕಾರ. ಆಫ್ರಿಕಾದ ಚಾಡ್ ದೇಶ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಕುಗ್ಗಿಹೋದ ಸರೋವರ. ಇವತ್ತು ಅದನ್ನು ಬದಿಗಿಟ್ಟು ಅಲ್ಲಿನ ಜೋಳದ ವಿಚಾರ ಹೇಳುತ್ತೇನೆ.

ದೇಶದ ಆಗ್ನೇಯದಲ್ಲಿ ಸಲಾಮತ್ ಎಂಬ ಪ್ರಾಂತ್ಯವಿದೆ. ಆಮ್ ತಿಮಾನ್ ಅದರ ಮುಖ್ಯ ಪಟ್ಟಣ. ಮಳೆಗಾಲದಲ್ಲಿ ನೀರು ನಿಲ್ಲುವ ಎರೆಭೂಮಿ. ನೀರು ಇಳಿಯುತ್ತಿದ್ದಂತೆ ರೈತರು ಗುಳಿ ತೋಡಿ, ಅದಕ್ಕೆ ನೀರು ಹೊಯ್ದು, ಜೋಳದ ಸಸಿಯನ್ನು ಭತ್ತದ ಹಾಗೆ ನಾಟಿ ಮಾಡುತ್ತಾರೆ. ಈ ಜೋಳಕ್ಕೆ ಬರ್ಬರೆ ಎಂದು ಹೆಸರು. ಮುಂದೆ ಮಳೆಯ ಹಂಗಿಲ್ಲ. ನೆಲದೊಳಗಿನ ತೇವದಲ್ಲೇ ಬೆಳೆದು ಚಳಿಗಾಲ ಮುಗಿಯುವ ಹೊತ್ತಿಗೆ ತೆನೆ ಕೊಯ್ಲಿಗೆ ಬರುತ್ತದೆ. ವಿಜಯಪುರದ ಹಿಂಗಾರಿ ಜೋಳದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಟಿಯ ಮಾತಿಗೆ ಮಾತ್ರ ಅವನು ಹುಬ್ಬೇರಿಸಿಯಾನು.

ಜೋಳ, ಸಜ್ಜೆ ಚಾಡಿನ ಜನರ ಮುಖ್ಯ ಧಾನ್ಯಗಳು. ಹಿಟ್ಟನ್ನು ಬೇಯಿಸಿ ಕಟ್ಟುವ ಮುದ್ದೆಗೆ ಅಲ್ಲಿ ಬೂಲ್ ಎನ್ನುತ್ತಾರೆ. ಸಾರಿನಲ್ಲಿ ಅದ್ದಿ ಉಣ್ಣುತ್ತಾರೆ. ಸಂತೆಯಲ್ಲಿ ಧಾನ್ಯ ಅಳೆಯುವುದು ಕೊರೋ ಎಂಬ ಬಟ್ಟಲಿನಿಂದ, ನಮ್ಮ ಸೇರಿನ ಹಾಗೆ. ಸುಗ್ಗಿಯಲ್ಲಿ ಸಾಲ ತೀರಿಸಲು ರೈತ ಅಗ್ಗಕ್ಕೆ ಮಾರುತ್ತಾನೆ. ಜೂನ್‌ನಿಂದ ಆಗಸ್ಟ್‌ವರೆಗೆ ಕಣಜ ಬರಿದಾದಾಗ ಅದೇ ಧಾನ್ಯವನ್ನು ದುಬಾರಿ ಬೆಲೆಗೆ ಕೊಳ್ಳುತ್ತಾನೆ. ಓನಾಸಾ ಎಂಬ ಸರ್ಕಾರಿ ಸಂಸ್ಥೆ ಧಾನ್ಯ ಕೂಡಿಟ್ಟು ಕಷ್ಟದ ತಿಂಗಳುಗಳಲ್ಲಿ ಕಡಿಮೆ ಬೆಲೆಗೆ ಮಾರುತ್ತದೆ. ಒಳ್ಳೆಯ ಏರ್ಪಾಡೇ. ಆದರೆ ಆ ತಿಂಗಳುಗಳಲ್ಲೇ ಮಳೆ ಹಿಡಿದು, ಸಲಾಮತ್‌ನ ಮಣ್ಣುದಾರಿಗಳು ಕೆಸರಾಗಿ, ಆಮ್ ತಿಮಾನ್ ಉಳಿದ ದೇಶದಿಂದ ದೂರವಾಗುತ್ತದೆ. ಧಾನ್ಯ ಒಂದೆಡೆ, ಹಸಿವು ಇನ್ನೊಂದೆಡೆ.

ಹೊರಗಿನಿಂದ ತರಿಸೋಣವೆಂದರೆ ಈ ದೇಶಕ್ಕೆ ಸಮುದ್ರವಿಲ್ಲ. ಕ್ಯಾಮರೂನಿನ ಡುವಾಲಾ ಬಂದರಿನಲ್ಲಿ ಇಳಿದ ಗೋಧಿ, ಅಕ್ಕಿ ರಾಜಧಾನಿ ಎನ್‌ಜಮೇನಾ ತಲುಪಲು ಸುಮಾರು 1,800 ಕಿಲೋಮೀಟರ್ ಸಾಗಬೇಕು. ತೈಲ ಮಾರುವ ದೇಶ ಇದು ಎಂಬುದನ್ನು ನೆನೆದರೆ ಸಲಾಮತ್‌ನ ಆ ಮಣ್ಣುದಾರಿಗಳ ಸ್ಥಿತಿ ನನಗಂತೂ ಒಗಟು. ಉಕ್ರೇನ್ ಯುದ್ಧದ ಬಿಸಿ ತಟ್ಟಿದ ಮೇಲೆ, 2022ರ ಜೂನ್‌ನಲ್ಲಿ, ಸರ್ಕಾರ ಆಹಾರ ತುರ್ತು ಪರಿಸ್ಥಿತಿ ಘೋಷಿಸಿತು. ಮರುವರ್ಷದ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿತು. ಗಡಿಯ ಅದ್ರೆ ಪಟ್ಟಣದ ಮೂಲಕ ಲಕ್ಷಾಂತರ ನಿರಾಶ್ರಿತರು ಒಳಬಂದರು. ಬಂದವರಲ್ಲಿ ಬಹುಪಾಲು ಹೆಂಗಸರು, ಮಕ್ಕಳು. ಇಳಿದದ್ದು ಪೂರ್ವ ಚಾಡಿನಲ್ಲಿ, ಅಂದರೆ ಮೊದಲೇ ಧಾನ್ಯಕ್ಕೆ ತತ್ವಾರವಿದ್ದ ಸೀಮೆಯಲ್ಲಿ.

ಅಲ್ಲಿ ವಾದಿ ಎಂದು ಕರೆಯುವ ಒಣಹಳ್ಳಗಳು ಒಂದೇ ಮಳೆಗೆ ತುಂಬಿ ಹರಿಯುತ್ತವೆ. ಹಾಗಾಗಿ ನೆರವಿನ ಧಾನ್ಯವನ್ನು ಮಳೆಗೆ ಮೊದಲೇ ಶಿಬಿರಗಳಿಗೆ ಸಾಗಿಸಿ ಕೂಡಿಡಬೇಕು. ತಡವಾದರೆ ಲಾರಿಗಳು ಹಳ್ಳದ ಈಚೆ ದಡದಲ್ಲಿ ಸಾಲುಗಟ್ಟಿ, ನೀರು ಇಳಿಯುವುದನ್ನೇ ಕಾಯುತ್ತಾ ನಿಲ್ಲುತ್ತವೆ. ನಮಸ್ಕಾರ.