ಪಾಸ್‌ಪೋರ್ಟ್ ಯಾರ ಕೈಯಲ್ಲಿ ಉಂಟು?

ಕೇಳುಗರಿಗೆ ನಮಸ್ಕಾರ.

ಇಂದು ಡಿಸೆಂಬರ್ 10. 1948ರ ಇದೇ ದಿನ ಪ್ಯಾರಿಸ್ಸಿನಲ್ಲಿ ಸೇರಿದ ವಿಶ್ವಸಂಸ್ಥೆಯ ಮಹಾಸಭೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಗೆ ಒಪ್ಪಿಗೆ ಕೊಟ್ಟಿತು. ಒಟ್ಟು 30 ವಿಧಿಗಳು. ಮೊದಲ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂದಿದ್ದುದನ್ನು ‘ಎಲ್ಲ ಮಾನವರು’ ಎಂದು ತಿದ್ದಿಸಿದವರು ನಮ್ಮ ದೇಶದ ಹಂಸಾ ಮೆಹ್ತಾ. 48 ದೇಶಗಳು ಪರವಾಗಿ ನಿಂತವು, ವಿರುದ್ಧ ಯಾರೂ ಮತ ಹಾಕಲಿಲ್ಲ, 8 ದೇಶಗಳು ತಟಸ್ಥವಾಗಿ ಉಳಿದವು. ಆ ಎಂಟರಲ್ಲಿ ಸೌದಿ ಅರೇಬಿಯವೂ ಒಂದು.

ಬಜ್ಪೆಯಿಂದ ಕೊಲ್ಲಿಗೆ ವಿಮಾನ ಹತ್ತುವ ನಮ್ಮ ಕರಾವಳಿಯವರಿಗೆ ಈ ಘೋಷಣೆಯ 13ನೇ ವಿಧಿ ಬಹಳ ಮುಖ್ಯ. ಯಾವುದೇ ದೇಶದಿಂದ ಹೊರಡುವ, ಸ್ವಂತ ದೇಶಕ್ಕೆ ಮರಳುವ ಹಕ್ಕು ಪ್ರತಿಯೊಬ್ಬರಿಗೂ ಉಂಟು ಎನ್ನುತ್ತದೆ ಅದು. ಆದರೆ ಅಮ್ಮನಿಗೆ ಹುಷಾರಿಲ್ಲ ಎಂದು ಊರಿನಿಂದ ಫೋನ್ ಬಂದಾಗ ಪಾಸ್‌ಪೋರ್ಟ್ ಕಫೀಲನ, ಅಂದರೆ ಅಲ್ಲಿ ಕೆಲಸ ಕೊಟ್ಟ ಪ್ರಾಯೋಜಕನ, ಕಪಾಟಿನಲ್ಲಿದ್ದರೆ, ಆ ಹಕ್ಕು ಯಾವ ಪ್ರಯೋಜನಕ್ಕೂ ಬರುವುದಿಲ್ಲ.

ಕೊಲ್ಲಿಯ ಈ ಕಫಾಲಾ ಪದ್ಧತಿಯ ಗಂಟು ಇರುವುದು ಒಂದೇ ಕಡೆ: ಕೆಲಸ ಕೊಟ್ಟವನೇ ವಾಸದ ಪರವಾನಗಿಗೂ ಜವಾಬ್ದಾರ. ಅವನ ಹೆಸರಿನ ಮೇಲೆ ಇಕಾಮಾ, ಅಂದರೆ ಆ ವಾಸದ ಪರವಾನಗಿ. ಆರು ತಿಂಗಳು ಸಂಬಳ ಬಾರದೆ ಕೆಲಸ ಬಿಟ್ಟು ಹೊರಬಂದರೆ ಕಫೀಲ ‘ಹುರೂಬ್’ ಹಾಕಬಹುದು, ಅಂದರೆ ಓಡಿಹೋದವನು ಎಂದು ದೂರು ಕೊಡಬಹುದು. ಸಂಬಳ ಸಿಗಬೇಕಾದವನೇ ಆಗ ಅಪರಾಧಿಯಾಗುತ್ತಾನೆ. ನನ್ನ ಮಟ್ಟಿಗೆ ಇದು ಅನ್ಯಾಯದ ಬೇರು. ಉಳಿದದ್ದೆಲ್ಲ ಅದರ ಕೊಂಬೆ.

ಬದಲಾವಣೆ ಆಗಿಲ್ಲವೆಂದಲ್ಲ. ಕತಾರ್ 2018ರಲ್ಲಿ ಹೆಚ್ಚಿನ ಕಾರ್ಮಿಕರಿಗೆ ದೇಶ ಬಿಡಲು ಬೇಕಿದ್ದ ಮಾಲೀಕರ ಅನುಮತಿಯನ್ನು ತೆಗೆದುಹಾಕಿತು. 2020ರಲ್ಲಿ ಕೆಲಸ ಬದಲಿಸಲೂ ಅವರ ಒಪ್ಪಿಗೆ ಬೇಡವೆಂದಿತು. ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಮಾಲೀಕನಿಗೆ ಅಲ್ಲಿ 25,000 ರಿಯಾಲ್‌ವರೆಗೆ ದಂಡ. 2021ರ ಮಾರ್ಚ್‌ನಲ್ಲಿ ಸೌದಿಯೂ ನಿಯಮ ಸಡಿಲಿಸಿತು, ಆದರೆ ಮನೆಕೆಲಸದವರನ್ನು, ಹೌಸ್ ಡ್ರೈವರ್‌ಗಳನ್ನು ಹೊರಗಿಟ್ಟಿತು. ನಾಲ್ಕು ಗೋಡೆಯೊಳಗೆ ದುಡಿಯುವವರಿಗೇ ರಕ್ಷಣೆ ಹೆಚ್ಚು ಬೇಕಿತ್ತು. ವಲಸೆ ಕಾರ್ಮಿಕರ ಹಕ್ಕುಗಳಿಗಾಗಿ 1990ರಲ್ಲಿ ಆದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಕೊಲ್ಲಿಯ ಯಾವ ದೇಶವೂ ಸೇರಿಲ್ಲ. ಭಾರತವೂ ಸೇರಿಲ್ಲ, ಇದನ್ನು ನಾವು ಗಟ್ಟಿಯಾಗಿಯೇ ಕೇಳಬೇಕು.

ಈಗ ನಮ್ಮ ಕೈಯಲ್ಲಿರುವುದನ್ನು ನೋಡೋಣ. ಎಸ್ಸೆಸ್ಸೆಲ್ಸಿ ಪಾಸಾಗದವರು ಕೊಲ್ಲಿಯೂ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗುವುದಾದರೆ 1983ರ ವಲಸೆ ಕಾಯ್ದೆಯಂತೆ ಸರಕಾರದ ಅನುಮತಿ ಬೇಕು. ಅವರಿಗೆ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯೂ ಕಡ್ಡಾಯ. ಎಸ್ಸೆಸ್ಸೆಲ್ಸಿ ಆದ ಹೆಚ್ಚಿನವರಿಗೆ ಈ ತಪಾಸಣೆ ಇಲ್ಲ; ನರ್ಸುಗಳಿಗೆ ಮಾತ್ರ ಉಂಟು. ನಮ್ಮ ಜಿಲ್ಲೆಗಳ ಹುಡುಗರಲ್ಲಿ ಬಹುಪಾಲು ಓದಿದವರು, ಹಾಗಾಗಿ ಅವರ ಕಾಗದಪತ್ರ ನೋಡಲು ಯಾರೂ ಇರುವುದಿಲ್ಲ. ನೋಡುವ ಹೊಣೆ ಮನೆಯವರದ್ದೇ.

ಏಜೆಂಟರ ನೋಂದಣಿ ಸಂಖ್ಯೆಯನ್ನು ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಹಾಕಿ ನೋಡಿ. ಅವರು ತೆಗೆದುಕೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕೆ ರಸೀದಿ ಬೇಕೇ ಬೇಕು. ‘ವೀಸಾದ ಹಣ’ ಎಂದು ಲಕ್ಷಗಟ್ಟಲೆ ಕೇಳಿದರೆ ಅಲ್ಲಿಯೇ ನಿಲ್ಲಿಸಿ. ಸಬ್ ಏಜೆಂಟ್ ಎನ್ನುವವನಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ‘ಸದ್ಯ ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಿಸುತ್ತಾರೆ’ ಎಂಬ ಮಾತಿಗೆ ಮರುಳಾದವರೇ ಹೆಚ್ಚು ಕಷ್ಟಕ್ಕೆ ಬಿದ್ದಿದ್ದಾರೆ: ಕರಾರು ಇಲ್ಲ, ವಿಮೆ ಇಲ್ಲ, ವೀಸಾ ಮುಗಿದ ಮೇಲೆ ದಿನದಿನಕ್ಕೂ ದಂಡ. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಎಂದು ಕರೆದೊಯ್ದು ಮ್ಯಾನ್ಮಾರಿನ ಸೈಬರ್ ವಂಚಕರ ಕೈಗೆ ಒಪ್ಪಿಸುವುದೂ ಇಂಥದೇ ದಾರಿಯಲ್ಲಿ.

ಊರಿನಲ್ಲಿ ಸಹಿ ಹಾಕಿದ ಕರಾರನ್ನು ಅಲ್ಲಿ ಇಳಿದ ಮೇಲೆ ಅರಬ್ಬಿಯಲ್ಲಿರುವ ಇನ್ನೊಂದಕ್ಕೆ ಬದಲಿಸುವುದುಂಟು. ಓದಲಾಗದ ಕಾಗದಕ್ಕೆ, ಖಾಲಿ ಹಾಳೆಗೆ ಸಹಿ ಬೇಡ. ಪಾಸ್‌ಪೋರ್ಟ್ ಕೇಳಿದರೆ ನೆನಪಿಡಿ, 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅದು ಕೇಂದ್ರ ಸರಕಾರದ ಸೊತ್ತು, ಕಂಪೆನಿಯದ್ದಲ್ಲ. ಕೊಡಲೇಬೇಕಾಗಿ ಬಂದರೆ ಬರಹದಲ್ಲಿ ರಸೀದಿ ಪಡೆಯಿರಿ. ಓವರ್‌ಟೈಮಿನ ಗಂಟೆಗಳನ್ನು ಅಂದಂದೇ ಡೈರಿಯಲ್ಲಿ ಬರೆದಿಡಿ.

ಬಾಕಿ ಸಂಬಳ ಬಿಟ್ಟು ವಿಮಾನ ಹತ್ತಿದರೆ ಆಮೇಲೆ ವಸೂಲಿ ತುಂಬ ಕಷ್ಟ. ಹೊರಡುವ ಮೊದಲು ಅಲ್ಲಿನ ಕಾರ್ಮಿಕ ಇಲಾಖೆಯಲ್ಲಿ ದೂರು ದಾಖಲಿಸಿ, ನಂಬಿಕಸ್ಥರೊಬ್ಬರಿಗೆ ರಾಯಭಾರ ಕಚೇರಿಯಲ್ಲಿ ಅಧಿಕಾರಪತ್ರ ಮಾಡಿಕೊಟ್ಟು ಬನ್ನಿ. 2020ರಲ್ಲಿ ಕೊರೋನಾ ಕಾಲದ ಅವಸರದಲ್ಲಿ ಮರಳಿದ ಎಷ್ಟೋ ಮಂದಿಗೆ ಅಷ್ಟು ಸಮಯವೂ ಸಿಗಲಿಲ್ಲ.

ಊರಿನಲ್ಲಿರುವ ಹೆಂಡತಿಯೋ ತಂದೆಯೋ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ದೂರು ಕೊಡಬಹುದು. ಕೈಯಲ್ಲಿ ಹಣವಿಲ್ಲದೆ ಸಿಕ್ಕಿಬಿದ್ದವರ ವಸತಿಗೆ, ಟಿಕೆಟಿಗೆ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಉಂಟು. ದೂರಿಗೆ ಬೇಕಾಗುವುದು ಪಾಸ್‌ಪೋರ್ಟ್ ಸಂಖ್ಯೆ, ವೀಸಾ, ಕರಾರು, ಕಂಪೆನಿಯ ಹೆಸರು ಮತ್ತು ವಿಳಾಸ. ಇವುಗಳ ಫೋಟೋ ಹೊರಡುವ ಹಿಂದಿನ ರಾತ್ರಿಯೇ ಮನೆಯ ಫೋನಿನಲ್ಲಿರಲಿ. ಅಲ್ಲಿ ಇಕಾಮಾ ಕೈಗೆ ಬಂದ ದಿನ ಅದರದ್ದೂ ಒಂದು ಕಳುಹಿಸಿ.

ನಮಸ್ಕಾರ.