ಅಂಚೆ ಇಲಾಖೆಯ ಕಾದಂಬರಿಕಾರ ಆಂಟನಿ ಟ್ರೋಲಪ್

ಕೇಳುಗರಿಗೆ ನಮಸ್ಕಾರ. ಕಾದಂಬರಿ ಬರೆಯುವ ಆಸೆಯಿದ್ದೂ, ಸ್ಫೂರ್ತಿ ಬರಲಿಲ್ಲವೆಂದೋ ನೌಕರಿಯಿಂದ ಬಿಡುವಾಗಲಿಲ್ಲವೆಂದೋ ವರ್ಷಗಟ್ಟಲೆ ಮುಂದೂಡುತ್ತಿರುವವರು ಈಗ ರೇಡಿಯೋ ಮುಂದೆ ಕುಳಿತಿದ್ದರೆ, ಇಂದಿನ ಮಾತು ಮುಖ್ಯವಾಗಿ ಅವರಿಗಾಗಿ. ಇಂಗ್ಲೆಂಡಿನ ಆಂಟನಿ ಟ್ರೋಲಪ್ ಅವರು 33 ವರ್ಷ ಅಂಚೆ ಇಲಾಖೆಯಲ್ಲಿ ದುಡಿದರು. ಬರೆದ ಕಾದಂಬರಿಗಳು 47. ಸ್ಫೂರ್ತಿಗಾಗಿ ಅವರು ಒಂದು ದಿನವೂ ಕಾಯಲಿಲ್ಲ.

ಅವರು ಹುಟ್ಟಿದ್ದು 1815ರಲ್ಲಿ, ಲಂಡನ್ನಿನಲ್ಲಿ. ತಂದೆ ವಕೀಲಿಯಲ್ಲೂ ಬೇಸಾಯದಲ್ಲೂ ಕೈಸುಟ್ಟುಕೊಂಡು, ಸಾಲ ಕೊಟ್ಟವರಿಗೆ ಹೆದರಿ 1834ರಲ್ಲಿ ಬೆಲ್ಜಿಯಮ್ಮಿನ ಬ್ರೂಜ್ ಪಟ್ಟಣಕ್ಕೆ ಓಡಿಹೋದರು. ಸಂಸಾರ ನಡೆದದ್ದು ತಾಯಿ ಫ್ರಾನ್ಸೆಸ್ ಅವರ ಬರವಣಿಗೆಯಿಂದ. ಐವತ್ತು ದಾಟಿದ ಮೇಲೆ ಮೊದಲ ಪುಸ್ತಕ ಪ್ರಕಟಿಸಿದ ಆಕೆ, ಗಂಡನೂ ಇನ್ನೊಬ್ಬ ಮಗನೂ ಹಾಸಿಗೆ ಹಿಡಿದಿದ್ದ ಮನೆಯಲ್ಲಿ, ಔಷಧಿಯ ಸೀಸೆಗಳ ಪಕ್ಕದಲ್ಲೇ ಶಾಯಿಯ ಸೀಸೆಯನ್ನಿಟ್ಟುಕೊಂಡು ಬರೆದರು. ಸ್ಫೂರ್ತಿಯ ಮಾತಾಡುವವರು ಆ ತಾಯಿಯನ್ನು ಒಮ್ಮೆ ನೆನೆಯಬೇಕು.

ಅದೇ 1834ರಲ್ಲಿ ಆಂಟನಿ ಅವರು ವರ್ಷಕ್ಕೆ 90 ಪೌಂಡ್ ಸಂಬಳದ ಗುಮಾಸ್ತರಾಗಿ ಅಂಚೆ ಇಲಾಖೆ ಸೇರಿದರು. 1841ರಲ್ಲಿ ಐರ್ಲೆಂಡಿಗೆ ಹೋದ ಮೇಲೆ ಬದುಕು ಚಿಗುರಿತು, ಮೊದಲ ಕಾದಂಬರಿ 1847ರಲ್ಲಿ ಬಂದಿತು. ಮುಂದೆ ಇಂಗ್ಲೆಂಡಿಗೆ ಮರಳಿದಾಗ, ಬೆಳಗ್ಗೆ ಬೇಗ ಎಬ್ಬಿಸಿ ಕಾಫಿ ಕೊಡಲೆಂದೇ ಕುದುರೆ ನೋಡಿಕೊಳ್ಳುವ ಆಳಿಗೆ ವರ್ಷಕ್ಕೆ ಐದು ಪೌಂಡ್ ಹೆಚ್ಚಿಗೆ ಕೊಡುತ್ತಿದ್ದರು. ಐದೂವರೆಗೆ ಮೇಜಿನ ಮುಂದೆ ಕುಳಿತು, ಎದುರಿಗೆ ಗಡಿಯಾರವಿಟ್ಟು, ಕಾಲು ಗಂಟೆಗೆ 250 ಪದಗಳಂತೆ ಬರೆದು, ತಿಂಡಿಯ ಹೊತ್ತಿಗೆ ಅಂದಿನ ಪಾಲು ಮುಗಿಸುತ್ತಿದ್ದರು.

ಲಂಡನ್ನಿನ ಅಥೀನಿಯಂ ಕ್ಲಬ್ಬಿನ ಪ್ರಸಂಗವನ್ನು ಮಾತ್ರ ವಿವರವಾಗಿಯೇ ಹೇಳುತ್ತೇನೆ. ಅಲ್ಲಿ ಒಂದು ಬೆಳಗ್ಗೆ ಟ್ರೋಲಪ್ ಅವರು ಬರೆಯುತ್ತಾ ಕುಳಿತಿದ್ದಾಗ (ಕ್ಲಬ್ಬಿನಲ್ಲೂ ಬರವಣಿಗೆಯೇ, ಗಮನಿಸಿ), ಇಬ್ಬರು ಪಾದ್ರಿಗಳು ಪತ್ರಿಕೆ ಹಿಡಿದು, ಅದರಲ್ಲಿ ಕಂತುಗಳಾಗಿ ಬಂದ ಟ್ರೋಲಪ್ ಅವರದೇ ಕಾದಂಬರಿಗಳನ್ನು ಓದುತ್ತಿದ್ದರು. ಈ ಮನುಷ್ಯ ಹಳೆಯ ಪಾತ್ರಗಳನ್ನೇ ಮತ್ತೆ ಮತ್ತೆ ತರುತ್ತಾನೆಂದು ಬೈದರು. ಆಮೇಲೆ ಅವರ ಸಿಟ್ಟು ಆ ಕಾದಂಬರಿಗಳ ಪಾತ್ರವಾದ ಮಿಸೆಸ್ ಪ್ರೌಡಿಯ ಮೇಲೆ ತಿರುಗಿತು. ಬಿಷಪ್ಪರ ಹೆಂಡತಿಯಾದ ಈಕೆ ಗಂಡನನ್ನು ಬೆರಳ ತುದಿಯಲ್ಲಿ ಕುಣಿಸುವ ಹೆಂಗಸು. ಟ್ರೋಲಪ್ ಅವರಿಗೆ ಬರೆಯಲಾಗಲಿಲ್ಲ. ಎದ್ದು ಹೋಗಿ ಇಬ್ಬರ ನಡುವೆ ನಿಂತು, ಆ ಅಪರಾಧಿ ತಾನೇ ಎಂದರು. ಮನೆಗೆ ಹೋಗಿ ವಾರದೊಳಗೆ ಆಕೆಯನ್ನು ಕೊಂದುಬಿಡುವುದಾಗಿಯೂ ಹೇಳಿದರು. ಪಾದ್ರಿಗಳು ಕಕ್ಕಾಬಿಕ್ಕಿಯಾಗಿ, ಆಡಿದ್ದನ್ನು ಮರೆಯಿರೆಂದು ಬೇಡಿಕೊಂಡರೂ, ಟ್ರೋಲಪ್ ಅವರು ಹೇಳಿದಂತೆಯೇ ಮಾಡಿದರು. ಪ್ರೀತಿಯ ಪಾತ್ರವನ್ನು ಕೊಂದದ್ದಕ್ಕೆ ಆಮೇಲೆ ಮರುಗಿದ್ದೂ ಉಂಟು.

ಸಮಯ ಮುಗಿಯುತ್ತಾ ಬಂದಿದೆ, ಉಳಿದುದನ್ನು ಬೇಗ ಹೇಳಿಬಿಡುತ್ತೇನೆ. ಬ್ರಿಟನ್ನಿನ ರಸ್ತೆಬದಿಯ ಅಂಚೆಪೆಟ್ಟಿಗೆಗೆ ದಾರಿ ಮಾಡಿದ್ದು ಇವರ ಸಲಹೆಯೇ. ಮೊದಲು ನಿಂತದ್ದು ಜರ್ಸಿ ದ್ವೀಪದಲ್ಲಿ, 1852ರಲ್ಲಿ. 1867ರಲ್ಲಿ ನೌಕರಿ ಬಿಟ್ಟು, ಮರುವರ್ಷ ಪಾರ್ಲಿಮೆಂಟಿಗೆ ಸ್ಪರ್ಧಿಸಿ ಸೋತರು. 1882ರಲ್ಲಿ ತೀರಿಕೊಂಡರು. ಮರುವರ್ಷ ಪ್ರಕಟವಾದ ಆತ್ಮಕಥೆಯಲ್ಲಿ ಯಾವ ಪುಸ್ತಕಕ್ಕೆ ಎಷ್ಟು ಹಣ ಬಂದಿತೆಂದು ಪಟ್ಟಿ ಕೊಟ್ಟಿದ್ದರು. ಗಡಿಯಾರ ನೋಡಿ ಬರೆಯುವವನು ಎಂಥ ಕಲಾವಿದ ಎಂದು ಮೂಗು ಮುರಿದವರಿಗೆ ಆ ಪುಸ್ತಕ ಒಳ್ಳೆಯ ನೆಪವಾಯಿತು. ಅವರ ಆಕ್ಷೇಪಕ್ಕೆ ನನ್ನಲ್ಲಿ ತಾಳ್ಮೆಯಿಲ್ಲ. ಹೊಸದಾಗಿ ಓದಲು ತೊಡಗುವವರು ‘ಬಾರ್‌ಚೆಸ್ಟರ್ ಟವರ್ಸ್’ ಕಾದಂಬರಿಯಿಂದ ಆರಂಭಿಸಬಹುದು. ಮಿಸೆಸ್ ಪ್ರೌಡಿ ಮೊದಲು ಕಾಲಿಡುವುದು ಅದರಲ್ಲೇ; ಅದರ ಬಹುಭಾಗವನ್ನು ಟ್ರೋಲಪ್ ಅವರು ಇಲಾಖೆಯ ಕೆಲಸಕ್ಕೆಂದು ತಿರುಗಾಡುವಾಗ ರೈಲಿನಲ್ಲಿ ಪೆನ್ಸಿಲ್ ಹಿಡಿದು ಬರೆದರು, ಹೆಂಡತಿ ಅದನ್ನು ಪ್ರತಿ ಮಾಡಿಕೊಟ್ಟರು. ನಮಸ್ಕಾರ.