ಹುಡುಗನನ್ನ ಒಂದು ವರ್ಷ ಕೂರಿಸಿ, ಸ್ವಾಮಿ

ಎಲ್ಲರಿಗೂ ನಮಸ್ಕಾರ. ಈ ವಾರ ಬೇರೆ ವಿಷಯ ಇಟ್ಕೊಂಡಿದ್ದೆ, ಅದನ್ನ ಬದಿಗಿಟ್ಟೆ. ಭಾನುವಾರದ ಲಂಡನ್ ಮ್ಯಾಚ್ ಬಗ್ಗೆ ಮಾತಾಡ್ಲೇಬೇಕು.

ಅಕ್ಟೋಬರ್ 12, 2025. ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ನಮ್ಮ ನ್ಯೂಯಾರ್ಕ್ ಜೆಟ್ಸ್ ಮತ್ತು ಡೆನ್ವರ್ ಬ್ರಾಂಕೋಸ್. ನಮ್ಮ ನ್ಯೂಜೆರ್ಸಿ ಲೆಕ್ಕದಲ್ಲಿ ಬೆಳಿಗ್ಗೆ ಒಂಬತ್ತೂವರೆ, ತಿಂಡಿ ಹೊತ್ತು. ಫಲಿತಾಂಶ 13-11, ಡೆನ್ವರ್ ಗೆಲುವು. ಸ್ಕೋರ್ ಅಷ್ಟೇ ನೋಡಿದವರು "ಪರವಾಗಿಲ್ಲ, ಎರಡೇ ಪಾಯಿಂಟಲ್ಲಿ ಹೋಯ್ತು" ಅಂತಾರೆ. ಮ್ಯಾಚ್ ನೋಡಿದವರು ಹಾಗನ್ನಲ್ಲ. ನಮ್ಮ ಕ್ವಾರ್ಟರ್‌ಬ್ಯಾಕ್, ಅಂದ್ರೆ ಚೆಂಡು ಎಸೆದು ಆಟ ನಡೆಸೋನು, ಜಸ್ಟಿನ್ ಫೀಲ್ಡ್ಸ್ 17 ಸಲ ಎಸೆದ, 9 ಸಲ ತಲುಪಿಸಿದ, ಬಂದಿದ್ದು 45 ಯಾರ್ಡ್. ಚೆಂಡು ಕೈಯಲ್ಲಿಟ್ಕೊಂಡೇ ನೆಲ ಕಚ್ಚಿದ್ದು, ಅಂದ್ರೆ ಸ್ಯಾಕ್ ಆಗಿದ್ದು, 9 ಸಲ. ಅದರಲ್ಲಿ ಕಳ್ಕೊಂಡಿದ್ದು 55 ಯಾರ್ಡ್. ಕೂಡಿ ಕಳೆದ್ರೆ ಪಾಸಿಂಗಲ್ಲಿ ಇಡೀ ದಿನದ ದುಡಿಮೆ ಮೈನಸ್ ಹತ್ತು. ಆಟ ಶುರುವಾಗೋ ಮುಂಚೆ ನಿಂತಿದ್ದ ಜಾಗಕ್ಕಿಂತ ಹತ್ತು ಯಾರ್ಡ್ ಹಿಂದೆ ಹೋಗಿ ನಿಂತ ಹಾಗೆ. ಒಂದು ಟಚ್‌ಡೌನ್ ಇಲ್ಲ, ಅಂದ್ರೆ ಒಂದು ಸಲವೂ ಚೆಂಡನ್ನ ಎದುರಾಳಿಯ ಕೊನೇ ಗೆರೆ ದಾಟಿಸ್ಲಿಲ್ಲ. ಡಿಫೆನ್ಸ್‌ನವರು ಎದುರಾಳಿನ 13ಕ್ಕೆ ಕಟ್ಟಿಹಾಕಿದ್ರು, ಇನ್ನೇನು ಮಾಡ್ಬೇಕಿತ್ತು ಪಾಪ ಅವರು?

ಆರು ಮ್ಯಾಚ್, ಆರೂ ಸೋಲು. ಪ್ಲೇಆಫ್ ಮುಖ ನೋಡಿ 14 ಸೀಸನ್ ಕಳೆದಿದೆ. ಎನ್‌ಎಫ್‌ಎಲ್‌ನಲ್ಲಿ ಇಷ್ಟು ಉದ್ದದ ಬರ ಬೇರೆ ಯಾವ ತಂಡಕ್ಕೂ ಇಲ್ಲ. ಕೊನೆಗೆ ಹೋಗಿದ್ದು 2011ರ ಜನವರಿಯಲ್ಲಿ. ಪಿಟ್ಸ್‌ಬರ್ಗ್‌ನಲ್ಲಿ 24-19ಕ್ಕೆ ಸೋತು, ಸೂಪರ್ ಬೌಲ್‌ಗೆ, ಅಂದ್ರೆ ಫೈನಲ್‌ಗೆ, ಒಂದೇ ಮೆಟ್ಟಿಲು ಬಾಕಿ ಇರೋವಾಗ ವಾಪಸ್ ಬಂದ್ವಿ.

ಸೋಲು ನಮ್ಮಂಥವರಿಗೆ ಹೊಸದಲ್ಲ. ಆರ್‌ಸಿಬಿ ಕಪ್‌ಗೆ 18ನೇ ಸೀಸನ್ ತನಕ ಕಾದವರು ನಾವು, ಈ ಜೂನ್‌ನಲ್ಲಿ ಅದೂ ಬಂತು. ಆದ್ರೆ ಆರ್‌ಸಿಬಿ ಸೋತ ವರ್ಷಗಳಲ್ಲೂ ಕೊಹ್ಲಿ ಬ್ಯಾಟಿಂಗ್ ಇತ್ತು, ಎಬಿಡಿ ಇದ್ದ. ಸಂಜೆ ದಂಡ ಅನ್ನಿಸ್ತಿರ್ಲಿಲ್ಲ. ಇಲ್ಲಿ ಹಾಗಲ್ಲ. ಈ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಕೈಕೊಟ್ರೆ ನೋಡೋಕೆ ಏನೂ ಉಳಿಯಲ್ಲ. ಯಾಕಂದ್ರೆ ತಂಡ ಚೆಂಡಿಟ್ಕೊಂಡು ಆಡೋ ಹೆಚ್ಚುಕಮ್ಮಿ ಪ್ರತಿ ಪ್ರಯತ್ನವೂ ಅವನ ಕೈಯಿಂದಲೇ ಶುರುವಾಗೋದು.

ಅವನ ಕೆಲಸ ಏನು ಅಂತ, ಈ ಆಟ ಗೊತ್ತಿಲ್ಲದವರಿಗೋಸ್ಕರ ಸ್ವಲ್ಪ ಬಿಡಿಸಿ ಹೇಳ್ತೀನಿ. ಗೊತ್ತಿರೋರೂ ಕೇಳಿ, ಯಾಕಂದ್ರೆ ನನ್ನ ತಕರಾರು ಇರೋದೇ ಇಲ್ಲಿ.

ಮೂರನೇ ಡೌನ್ (ಹತ್ತು ಯಾರ್ಡ್ ದಾಟೋಕೆ ಸಿಗೋ ನಾಲ್ಕು ಪ್ರಯತ್ನದಲ್ಲಿ ಮೂರನೆಯದು), ಎಂಟು ಯಾರ್ಡ್ ಬೇಕು ಅಂತಿಟ್ಕೊಳ್ಳಿ. ಗಡಿಯಾರದಲ್ಲಿ 40 ಸೆಕೆಂಡ್ ಇರುತ್ತೆ. ಹೆಲ್ಮೆಟ್ ಒಳಗಿನ ಪುಟ್ಟ ಸ್ಪೀಕರ್‌ನಲ್ಲಿ ಕೋಚ್ ಆಟದ, ಅಂದ್ರೆ ಈ ಸಲ ಯಾರು ಎಲ್ಲಿಗೆ ಓಡ್ಬೇಕು ಅನ್ನೋ ಪ್ಲ್ಯಾನ್‌ನ, ಹೆಸರು ಹೇಳ್ತಾರೆ. ಗಡಿಯಾರ 15ಕ್ಕೆ ಇಳಿದ ತಕ್ಷಣ ಆ ಸ್ಪೀಕರ್ ಬಂದ್. ಅಲ್ಲಿಂದಾಚೆ ಹುಡುಗ ಒಬ್ಬನೇ. ಎದುರಿಗೆ ಹನ್ನೊಂದು ಜನ ಹೇಗೆ ನಿಂತಿದ್ದಾರೆ, ಹಿಂದಿರೋ ಇಬ್ಬರು ಸೇಫ್ಟಿಗಳು ಎಲ್ಲಿದ್ದಾರೆ, ಯಾರು ನುಗ್ಗೋ ಹಾಗಿದ್ದಾನೆ, ಯಾರು ಸುಮ್ನೆ ಹೆದರಿಸ್ತಿದ್ದಾನೆ, ಇಷ್ಟನ್ನೂ ಓದ್ಬೇಕು. ಬೇಕಾದ್ರೆ ಆಟವನ್ನೇ ಬದಲಾಯಿಸ್ಬೇಕು. ಆಮೇಲೆ ಸ್ನ್ಯಾಪ್, ಅಂದ್ರೆ ಚೆಂಡನ್ನ ಹಿಂದಕ್ಕೆ ಅವನ ಕೈಗೆ ಕೊಡೋದು. ಕೈಗೆ ಚೆಂಡು ಬಂದ ಮೇಲೆ ಸಿಗೋದು ಎರಡೂವರೆ ಸೆಕೆಂಡ್, ಜಾಸ್ತಿ ಅಂದ್ರೆ ಮೂರು.

ಕಲಿತ ಕ್ವಾರ್ಟರ್‌ಬ್ಯಾಕ್‌ನ ಕಾಲು ನೋಡಿ. ಹಿಂದೆ ಸರೀತಾನೆ, ಹಿಂಗಾಲು ಊರ್ತಾನೆ, ಅಷ್ಟೊತ್ತಿಗೆ ಮೊದಲನೇ ರಿಸೀವರ್ (ಚೆಂಡು ಹಿಡಿಯೋನು) ಖಾಲಿ ಇದ್ದಾನಾ ಇಲ್ವಾ ಅನ್ನೋದು ತೀರ್ಮಾನ ಆಗಿರುತ್ತೆ. ಇಲ್ಲ ಅಂದ್ರೆ ಒಂದು ಪುಟ್ಟ ಹೆಜ್ಜೆ ಮುಂದಕ್ಕೆ, ಕಣ್ಣು ಎರಡನೆಯವನ ಕಡೆ. ಇನ್ನೊಂದು ಹೆಜ್ಜೆ, ಮೂರನೆಯವನು. ಕಾಲು, ಕಣ್ಣು ಎರಡೂ ಒಂದೇ ತಾಳದಲ್ಲಿ ನಡೀತಿರುತ್ತೆ. ಚೆಂಡು ಅವನ ಕೈ ಬಿಡೋವಾಗ ರಿಸೀವರ್ ಇನ್ನೂ ತಿರುಗಿರೋದೇ ಇಲ್ಲ. ತಿರುಗೋ ಜಾಗಕ್ಕೆ ಚೆಂಡು ಮೊದಲೇ ಹೊರಟಿರುತ್ತೆ.

ನಾವು ನೋಡೋದು ಬೇರೆ. ಸ್ನ್ಯಾಪ್ ಆದ ಕ್ಷಣದಿಂದ ಕಣ್ಣು ಒಬ್ಬನ ಮೇಲೇ ಅಂಟ್ಕೊಂಡಿರುತ್ತೆ. ಆ ಕಣ್ಣನ್ನ ಎದುರಾಳಿ ಸೇಫ್ಟಿ ಓದ್ಕೊಂಡು ಅತ್ಲಾಗೇ ಓಡ್ತಾನೆ. ಒಬ್ಬ ಸಿಗ್ಲಿಲ್ಲ ಅಂದ ತಕ್ಷಣ ನೋಟ ಕೆಳಗಿಳಿಯುತ್ತೆ, ನುಗ್ಗಿ ಬರೋರ ಕಡೆ. ಅಲ್ಲಿಗೆ ಆ ಆಟದ ಕಥೆ ಮುಗೀತು. ಕಾಲು ನಿಂತಲ್ಲೇ ಚಡಪಡಿಸೋಕೆ ಶುರು. ಬಲಗಡೆ ಮಧ್ಯದಲ್ಲಿ ಒಬ್ಬ ಖಾಲಿ ನಿಂತು ಕೈ ಎತ್ತಿರ್ತಾನೆ, ಟೀವಿಲಿ ನಮಗೆ ಕಾಣುತ್ತೆ, ಇವನಿಗೆ ಕಾಣಲ್ಲ. ಚೆಂಡು ಕಂಕುಳಲ್ಲಿ ಇಟ್ಕೊಂಡು ಹಿಂದಕ್ಕೆ ಓಡಿ, ಎಂಟು ಯಾರ್ಡ್ ಕಳ್ಕೊಂಡು ಬೀಳ್ತಾನೆ. ಚೆಂಡನ್ನ ದೂರ ಒದ್ದು ಎದುರಾಳಿಗೆ ಒಪ್ಪಿಸೋ ಪಂಟ್ ತಂಡ ಒಳಗೆ ಬರುತ್ತೆ.

ಒಂಬತ್ತು ಸ್ಯಾಕ್ ಅಂದ್ರೆ ಅವನನ್ನ ಕಾಯೋ ಲೈನ್‌ನವರ ತಪ್ಪು ಅಂತ ಕೆಲವರು ಹೇಳ್ತಿದ್ದಾರೆ. ಡೆನ್ವರ್‌ನವರು ಆ ವಿದ್ಯೆಯಲ್ಲಿ ಪಳಗಿದವರು, ಒಪ್ಕೋತೀನಿ. ಆದ್ರೆ ಚೆಂಡನ್ನ ಅಷ್ಟು ಹೊತ್ತು ಹಿಡ್ಕೊಂಡಿದ್ರೆ ಎಂಥ ಲೈನೂ ತಡೆಯಲ್ಲ. ಫೀಲ್ಡ್ಸ್‌ಗೆ ಇದು ಇವತ್ತಿನ ಚಾಳಿಯೂ ಅಲ್ಲ. ಶಿಕಾಗೋದಲ್ಲಿ 2022ರಲ್ಲಿ ಇದೇ ಮನುಷ್ಯ 55 ಸಲ ಸ್ಯಾಕ್ ಆಗಿದ್ದ. ಅದೇ ವರ್ಷ ಕಾಲಲ್ಲಿ ಓಡಿ 1,143 ಯಾರ್ಡ್ ಗಳಿಸಿದ್ದ, ಅದೂ ನಿಜ. ಅಂಥ ಓಟಗಾರ ಅವನು, ಬೆರಗಾಗೋ ಹಾಗೆ ಓಡ್ತಾನೆ. ಮಾರ್ಚ್‌ನಲ್ಲಿ ಎರಡು ವರ್ಷಕ್ಕೆ 40 ಮಿಲಿಯನ್ ಡಾಲರ್ ಕೊಟ್ಟು ಕರ್ಕೊಂಡು ಬಂದವರಿಗೆ ಈ ಎರಡೂ ಗೊತ್ತಿತ್ತು.

ಹಾಗಂತ ಫೀಲ್ಡ್ಸ್ ಒಬ್ಬನ ಮೇಲೆ ರೇಗಾಡೋದು ನನಗೆ ಬೇಡ. ಇವನು ಹೋದ್ರೆ ಇನ್ನೊಬ್ಬ ಬರ್ತಾನೆ. ನಾವು ಹೀಗೆ ಎಷ್ಟು ಜನರನ್ನ ನೋಡಿಲ್ಲ! ಮಾರ್ಕ್ ಸ್ಯಾಂಚೆಜ್ 2012ರ ಥ್ಯಾಂಕ್ಸ್‌ಗಿವಿಂಗ್ ರಾತ್ರಿ ತನ್ನದೇ ತಂಡದವನ ಹಿಂಭಾಗಕ್ಕೆ ಡಿಕ್ಕಿ ಹೊಡೆದು ಚೆಂಡು ಬಿಟ್ಟಿದ್ದನ್ನ ಇವತ್ತಿಗೂ ಟೀವಿಯವರು ಬಿಟ್ಟಿಲ್ಲ. ಕ್ರಿಶ್ಚಿಯನ್ ಹ್ಯಾಕೆನ್‌ಬರ್ಗ್‌ನ 2016ರ ಡ್ರಾಫ್ಟ್‌ನ (ಕಾಲೇಜ್ ಹುಡುಗರನ್ನ ತಂಡಗಳು ಸರದಿ ಪ್ರಕಾರ ಆರಿಸ್ಕೊಳ್ಳೋದು, ಜಾಸ್ತಿ ಸೋತವರಿಗೆ ಮೊದಲ ಸರದಿ) ಎರಡನೇ ಸುತ್ತಲ್ಲಿ ಆರಿಸಿದ್ರು, ರೆಗ್ಯುಲರ್ ಸೀಸನ್‌ನ ಒಂದು ಮ್ಯಾಚೂ ಆಡದೆ ಹೋದ.

ಆದ್ರೆ ಸ್ಯಾಮ್ ಡಾರ್ನಾಲ್ಡ್ ಮತ್ತು ಜ್ಯಾಕ್ ವಿಲ್ಸನ್ ಕಥೆ ಹಾಗೆ ದಾಟಿಸಿ ಹೋಗೋಕೆ ಆಗಲ್ಲ.

2018ರ ಡ್ರಾಫ್ಟ್‌ನಲ್ಲಿ ಮೂರನೆಯವನಾಗಿ ಡಾರ್ನಾಲ್ಡ್ ಬಂದ. ವಯಸ್ಸು 21. ಸೀಸನ್‌ನ ಮೊದಲ ಮ್ಯಾಚಿಗೇ ಇಳಿಸಿದ್ರು. ಡೆಟ್ರಾಯಿಟ್‌ನಲ್ಲಿ ಅವನ ವೃತ್ತಿಜೀವನದ ಮೊಟ್ಟಮೊದಲ ಪಾಸ್ ಎದುರಾಳಿ ಕೈಗೆ ಸಿಕ್ಕಿ ಟಚ್‌ಡೌನ್ ಆಯ್ತು. ಆ ಮ್ಯಾಚ್ ಗೆದ್ವಿ, 48-17. ಮುಂದಿನ ವರ್ಷ ಕೋಚ್ ಬದಲು, ಆಟದ ಭಾಷೆಯೇ ಬದಲು. 2019ರ ಅಕ್ಟೋಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಎದುರು 33-0 ಸೋಲು. ಆವತ್ತು ಬೆಂಚ್ ಮೇಲೆ ಕೂತು "ನನಗೆ ದೆವ್ವಗಳು ಕಾಣ್ತಿವೆ" ಅಂದಿದ್ದು ಮೈಕಲ್ಲಿ ಸಿಕ್ಕಿಬಿಡ್ತು. ಇಲ್ಲದ ಕಡೆ ಡಿಫೆಂಡರ್‌ಗಳು ಕಾಣ್ತಿದ್ದಾರೆ ಅಂತ ಅರ್ಥ. ಊರೆಲ್ಲ ನಕ್ಕಿತು. ನನಗಂತೂ ಹೊಟ್ಟೆ ಉರಿದುಹೋಗಿತ್ತು. ಇಪ್ಪತ್ತೆರಡು ವರ್ಷದ ಹುಡುಗ ತನಗೇನಾಗ್ತಿದೆ ಅಂತ ಪ್ರಾಮಾಣಿಕವಾಗಿ ಹೇಳಿದ್ದ. ಅದನ್ನ ಸರಿಪಡಿಸೋದು ಹೇಗೆ ಅಂತ ಕೇಳೋರೇ ಇರ್ಲಿಲ್ಲ. 2021ರ ಏಪ್ರಿಲ್‌ನಲ್ಲಿ ಕೆರೊಲಿನಾಕ್ಕೆ ಕಳಿಸಿದ್ರು.

ಅದೇ ತಿಂಗಳು, ಎರಡನೇ ಆಯ್ಕೆಯಾಗಿ ಜ್ಯಾಕ್ ವಿಲ್ಸನ್. ಮತ್ತೆ ಮೊದಲ ಮ್ಯಾಚಿಗೇ ಇಳಿಸಿದ್ರು. ಅವನಿಗೆ ಪಾಠ ಹೇಳ್ಬೇಕಿದ್ದ ಅನುಭವಿ ಕೋಚ್ ಗ್ರೆಗ್ ನ್ಯಾಪ್ ಆ ಜುಲೈನಲ್ಲಿ ಸೈಕಲ್ ಮೇಲೆ ಹೋಗ್ತಿದ್ದಾಗ ಕಾರು ಬಡಿದು ತೀರ್ಕೊಂಡ್ರು. ಅದು ಯಾರ ಕೈಲೂ ಇರ್ಲಿಲ್ಲ. ಆದ್ರೆ ಜೊತೆಗೆ ಒಬ್ಬ ಹಳೇ ಹುಲಿ ಕ್ವಾರ್ಟರ್‌ಬ್ಯಾಕ್ ಇಲ್ಲದೇನೇ ಸೀಸನ್ ಶುರು ಮಾಡಿದ್ದು ತಂಡದ ತೀರ್ಮಾನ. ಸ್ವಂತ ಅಂಗಳದ ಮೊದಲ ಮ್ಯಾಚಲ್ಲಿ ಹುಡುಗ ಎಸೆದ ಮೊದಲ ಎರಡು ಪಾಸೂ ಇಂಟರ್ಸೆಪ್ಟ್ ಆದ್ವು, ಅಂದ್ರೆ ಎದುರಾಳಿ ಕೈಗೆ ಹೋದ್ವು. ಒಟ್ಟು ನಾಲ್ಕು. ಸ್ಟೇಡಿಯಂ ಪೂರ್ತಿ ಕೂಗಿ ಹೀಯಾಳಿಸ್ತು.

2022ರ ನವೆಂಬರ್ 20 ಇನ್ನೂ ಕೆಟ್ಟದಾಗಿತ್ತು. ನ್ಯೂ ಇಂಗ್ಲೆಂಡ್‌ನಲ್ಲಿ 10-3 ಸೋಲು. ವಿಲ್ಸನ್ 22 ಸಲ ಎಸೆದು 9 ಸಲ ತಲುಪಿಸಿದ, 77 ಯಾರ್ಡ್. ದ್ವಿತೀಯಾರ್ಧದಲ್ಲಿ ಇಡೀ ತಂಡ ಗಳಿಸಿದ್ದು ಎರಡು ಯಾರ್ಡ್. ಕೊನೇ ಸೆಕೆಂಡುಗಳಲ್ಲಿ ಅವರು ನಮ್ಮ ಪಂಟ್‌ನ 84 ಯಾರ್ಡ್ ಓಡಿಸಿ ಗೆದ್ರು. ಮ್ಯಾಚಾದ ಮೇಲೆ, ಡಿಫೆನ್ಸ್‌ಗೆ ನೀವು ಕೈಕೊಟ್ರಿ ಅನ್ನಿಸುತ್ತಾ ಅಂತ ಪತ್ರಕರ್ತರು ಕೇಳಿದ್ರೆ "ಇಲ್ಲ" ಅಂದ. ಆ ಒಂದು ಪದಕ್ಕೆ ತಂಡದ ಒಳಗೇ ಅವನು ಬೆಲೆ ಕಳ್ಕೊಂಡ. ಹಿರಿಯರು ಪಕ್ಕದಲ್ಲಿದ್ದಿದ್ರೆ, ಮೈಕ್ ಮುಂದೆ ಹೋಗೋ ಮುಂಚೆ ಭುಜ ಹಿಡಿದು ನಿಲ್ಲಿಸಿ, "ಅಪ್ಪಾ, ತಪ್ಪು ನಂದು ಅನ್ನು, ಅಷ್ಟು ಸಾಕು" ಅಂತ ಹೇಳ್ತಿದ್ರು.

ಆಮೇಲೆ ಬುದ್ಧಿ ಬಂತು ಅನ್ನೋ ಹಾಗೆ 2023ರಲ್ಲಿ ಅನುಭವಿ ಕ್ವಾರ್ಟರ್‌ಬ್ಯಾಕ್ ಏರನ್ ರಾಡ್ಜರ್ಸ್‌ನ ಕರೆಸಿದ್ರು, ವಿಲ್ಸನ್ ನೋಡಿ ಕಲೀಲಿ ಅಂತ. ಸೆಪ್ಟೆಂಬರ್ 11, ನಾಲ್ಕನೇ ಸ್ನ್ಯಾಪ್, ರಾಡ್ಜರ್ಸ್‌ಗೆ ಹಿಮ್ಮಡಿ ನರ ಹರೀತು. ಒಳಗೆ ಓಡಿ ಬಂದವನು ಯಾರು? ಅದೇ ವಿಲ್ಸನ್. ಎರಡನೇ ಆಳಾಗಿ ಇಟ್ಕೊಂಡಿದ್ದೇ ಅವನನ್ನ. ಕೂತು ಕಲಿಯೋಕೆ ಸಿಕ್ಕಿದ್ದು ನಾಲ್ಕು ಸ್ನ್ಯಾಪ್.

ಈಗ ನನ್ನ ಮಾತಿಗೆ ಬರ್ತೀನಿ. ಇಲ್ಲಿಂದ ಹೋದವರು ಏನಾದ್ರು ನೋಡಿ. ಜೀನೋ ಸ್ಮಿತ್ ನಮ್ಮಲ್ಲಿ 2013ರಿಂದ ಒದ್ದಾಡಿದ. ಆಮೇಲೆ ಸಿಯಾಟಲ್‌ನಲ್ಲಿ ರಸೆಲ್ ವಿಲ್ಸನ್ ಹಿಂದೆ ಮೂರು ವರ್ಷ ಕೂತ. 2022ರಲ್ಲಿ ಅವಕಾಶ ಸಿಕ್ಕಾಗ, ಗುರಿ ತಲುಪಿದ ಪಾಸ್‌ಗಳ ಶೇಕಡಾ ಲೆಕ್ಕದಲ್ಲಿ ಲೀಗ್‌ಗೇ ಮೊದಲು. ಡಾರ್ನಾಲ್ಡ್ 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ರಾಕ್ ಪರ್ಡಿ ಹಿಂದೆ ಒಂದು ವರ್ಷ ಕೂತ. ಅಲ್ಲಿನ ಕೋಚ್ ಕೈಲ್ ಶಾನಹನ್ ಪಾಠ ಕೇಳ್ಕೊಂಡ. ಮರುವರ್ಷ ಮಿನೆಸೋಟದಲ್ಲಿ 14 ಗೆಲುವು, 35 ಟಚ್‌ಡೌನ್ ಪಾಸ್. ಅದೇ ಹುಡುಗ. ಅದೇ ಕೈ. ಇಬ್ಬರಿಗೂ ನಾವು ಕೊಡದೇ ಇದ್ದಿದ್ದು ಒಂದೇ: ಮೈದಾನದ ಅಂಚಲ್ಲಿ ನಿಂತು ನೋಡೋ ಕಾಲ.

ಕ್ಯಾನ್ಸಸ್ ಸಿಟಿಯ ಸ್ಟಾರ್ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ತನ್ನ ಮೊದಲ ವರ್ಷ ಅಲೆಕ್ಸ್ ಸ್ಮಿತ್ ಹಿಂದೆ ಕೂತು, ಕೊನೇ ಮ್ಯಾಚ್ ಒಂದರಲ್ಲಿ ಆಡಿದ. ರಾಡ್ಜರ್ಸ್ ಗ್ರೀನ್ ಬೇಯಲ್ಲಿ ಮೂರು ವರ್ಷ ಕೂತ. ಅವನ ಹಿಂದೆ ಜಾರ್ಡನ್ ಲವ್ ಮೂರು ವರ್ಷ ಕೂತ.

ಇದಕ್ಕೆ ಎದುರು ಮಾತು ಇದೆ, ಗಟ್ಟಿಯಾಗೇ ಇದೆ. ಜೇಡನ್ ಡ್ಯಾನಿಯಲ್ಸ್ ಕಳೆದ ವರ್ಷ ಮೊದಲ ದಿನದಿಂದಲೇ ಆಡಿ ವಾಷಿಂಗ್ಟನ್‌ನ ಸೂಪರ್ ಬೌಲ್ ಹೊಸ್ತಿಲ ತನಕ ಕರ್ಕೊಂಡು ಹೋದ. ಲಂಡನ್‌ನಲ್ಲಿ ನಮ್ಮ ಎದುರು ಆಡಿದ ಬೋ ನಿಕ್ಸ್‌ನೂ ಮೊದಲ ದಿನವೇ ಇಳಿದವನು. ಆದ್ರೆ ನಿಕ್ಸ್ ಕಾಲೇಜಲ್ಲೇ 61 ಮ್ಯಾಚ್ ಶುರು ಮಾಡಿ ಬಂದಿದ್ದ, ಅದೊಂದು ದಾಖಲೆ. ಅವನಿಗೆ ಸಿಕ್ಕಿದ್ದು ಶಾನ್ ಪೇಟನ್ ಅಂಥ ಕೋಚ್. ಡ್ಯಾನಿಯಲ್ಸ್ ಐದು ವರ್ಷ ಕಾಲೇಜ್ ಆಡಿದ್ದ. ಡಾರ್ನಾಲ್ಡ್ ಬಂದಿದ್ದು ಎರಡೇ ಸೀಸನ್ ಆಡಿ. ಇನ್ನು, ಕೂರಿಸಿದವರೆಲ್ಲ ದೊಡ್ಡ ಆಟಗಾರರಾಗ್ತಾರೆ ಅಂತಾನೂ ಇಲ್ಲ. ಜ್ಯಾಕ್ ವಿಲ್ಸನ್ ನಮ್ಮನ್ನ ಬಿಟ್ಟ ಮೇಲೆ ಡೆನ್ವರ್‌ನಲ್ಲಿ ಒಂದು ವರ್ಷ ಕೂತ, ಇನ್ನೂ ಯಾರೂ ಅವನಿಗೆ ತಂಡ ಒಪ್ಪಿಸಿಲ್ಲ. ಬಹುಶಃ ಅವನ ಅಳತೆಯೇ ಅಷ್ಟಿರಬಹುದು. ಅದನ್ನ ತಿಳ್ಕೊಳ್ಳೋಕೂ ಒಂದು ವರ್ಷ ಕೂರಿಸಿ ನೋಡ್ಬೇಕಿತ್ತಲ್ಲ?

ಈಗಲೇ ನಮ್ಮ ಜನ ಮುಂದಿನ ಏಪ್ರಿಲ್ ಡ್ರಾಫ್ಟ್ ಮಾತು ಶುರು ಮಾಡಿದ್ದಾರೆ. ಇನ್ನಷ್ಟು ಸೋತ್ರೆ ಒಳ್ಳೇ ನಂಬರ್ ಸಿಗುತ್ತೆ, ಒಳ್ಳೇ ಹುಡುಗ ಸಿಗ್ತಾನೆ ಅಂತ. ಆ ಲೆಕ್ಕ ಕೇಳಿದ್ರೆ ನನಗೆ ಭಯ ಆಗುತ್ತೆ. ಮೂರನೇ ನಂಬರ್ ಸಿಕ್ಕಿತ್ತು, ಎರಡನೇ ನಂಬರ್ ಸಿಕ್ಕಿತ್ತು. ಸಿಕ್ಕ ಹುಡುಗರನ್ನ ಏನು ಮಾಡಿದ್ವಿ ಅಂತ ಈಗ ತಾನೇ ಹೇಳಿದೆ.

ಏರನ್ ಗ್ಲೆನ್ ಇದೇ ವರ್ಷ ಹೆಡ್ ಕೋಚ್ ಆಗಿ ಬಂದವರು, ಒಂದು ಕಾಲಕ್ಕೆ ನಮ್ಮದೇ ತಂಡಕ್ಕೆ ಆಡಿದವರು. ಅವರನ್ನ ಆರು ಸೋಲಿಗೆ ಓಡಿಸಬೇಡಿ. ಕೋಚ್ ಬದಲಾದ ಹಾಗೆಲ್ಲ ಹುಡುಗರು ಮತ್ತೆ ಒಂದನೇ ಕ್ಲಾಸಿಂದ ಓದ್ಬೇಕಾಗುತ್ತೆ. ಈಗ ಟೈರಾಡ್ ಟೇಲರ್‌ನ ಆಡಿಸಿ. ವಯಸ್ಸು 36, ಎಲ್ಲ ಕಂಡವನು, ಚೆಂಡನ್ನ ಸಮಯಕ್ಕೆ ಬಿಡ್ತಾನೆ. ರಿಸೀವರ್‌ಗಳಿಗೆ ಅಷ್ಟಾದ್ರೂ ನ್ಯಾಯ ಸಿಗುತ್ತೆ. ಮುಂದಿನ ವರ್ಷ ಯಾವ ಹುಡುಗನನ್ನೇ ತನ್ನಿ, ಟೇಲರ್ ಥರದ ಒಬ್ಬ ಹಿರಿಯನ್ನ ಮುಂದಿಟ್ಟು, ಆ ಹುಡುಗನ ಕೈಗೆ ಒಂದು ಸೀಸನ್ ನೋಟ್‌ಬುಕ್ ಕೊಟ್ಟು ಪಕ್ಕದಲ್ಲಿ ನಿಲ್ಲಿಸಿ. ಮೂರನೇ ವಾರಕ್ಕೇ ಸ್ಟೇಡಿಯಂ ಅವನ ಹೆಸರು ಕೂಗುತ್ತೆ. ನಾನೂ ಅಲ್ಲಿರ್ತೀನಿ, ಕೂಗಬೇಡಿ ಅಂತ ಅಕ್ಕಪಕ್ಕದವರಿಗೆ ಹೇಳ್ತೀನಿ.

ಈ ಭಾನುವಾರ ಮಧ್ಯಾಹ್ನ ಕೆರೊಲಿನಾ ಪ್ಯಾಂಥರ್ಸ್ ಬರ್ತಿದ್ದಾರೆ, ನಮ್ಮ ಮೆಟ್‌ಲೈಫ್ ಸ್ಟೇಡಿಯಂಗೆ. ಯಾರೇ ಆಡ್ಲಿ, ನೀವೂ ನನ್ನ ಜೊತೆ ಒಂದು ಕೆಲಸ ಮಾಡಿ. ಚೆಂಡನ್ನ ನೋಡ್ಬೇಡಿ. ಸ್ನ್ಯಾಪ್ ಆದ ತಕ್ಷಣ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ ನೋಡಿ, ಅದು ಎರಡನೇ ರಿಸೀವರ್ ಕಡೆ ತಿರುಗುತ್ತಾ ಇಲ್ವಾ ಅಂತ. ಎಷ್ಟು ಸಲ ತಿರುಗ್ತು ಅಂತ ಬರೆದಿಟ್ಕೊಂಡು ನನಗೆ ಕಳಿಸಿ. ಮುಂದಿನ ವಾರ ಅಲ್ಲಿಂದಲೇ ಮಾತು ಶುರು ಮಾಡೋಣ.